ಬ್ರೇಕಿನ ನಡುಕ

ಓಡುವ ಗಾಡಿಯನ್ನು ನಿಲ್ಲಿಸುವುದು ಓಡಿಸುವುದಕ್ಕಿಂತ ಕಷ್ಟದ ವಿದ್ಯೆ ಎಂಬುದನ್ನು ಮೋಟಾರು ಗಾಡಿಯ ಮೊದಲ ನಾಲ್ಕು ದಶಕಗಳ ಇತಿಹಾಸವೇ ಹೇಳುತ್ತದೆ. ಎಂಜಿನ್ನಿನ ಶಕ್ತಿ ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತು, ರಸ್ತೆಗಳು ಸುಧಾರಿಸಿದವು, ವೇಗ ಹೆಚ್ಚಿತು. ಬ್ರೇಕು ಮಾತ್ರ ಬಹುಕಾಲ ಹಿಂದೆಯೇ ಉಳಿಯಿತು. ಈ ಮಾತು ಎರಡು ಅರ್ಥದಲ್ಲಿಯೂ ಸತ್ಯ. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಬಹುಪಾಲು ಕಾರುಗಳಲ್ಲಿ ಬ್ರೇಕು ಇದ್ದುದು ಹಿಂದಿನ ಗಾಲಿಗಳಿಗೆ ಮಾತ್ರ. ಮುಂದಿನ ಗಾಲಿಗೆ ಬ್ರೇಕು ಹಾಕಿದರೆ ಗಾಡಿ ಮುಗ್ಗರಿಸೀತು, ಸ್ಟಿಯರಿಂಗು ಮಾತು ಕೇಳದೆ ಹೋದೀತು ಎಂಬ ಭಯ ಆ ಕಾಲದ ಎಂಜಿನಿಯರುಗಳಿಗೂ ಚಾಲಕರಿಗೂ ಇತ್ತು. ಸ್ಕಾಟ್ಲೆಂಡಿನ ಆರ್ಗೈಲ್, ಇಟಲಿಯ ಇಸೊಟ್ಟಾ ಫ್ರಾಸ್ಕೀನಿ ಮೊದಲಾದ ಕೆಲವು ಕಾರುಗಳು ಯುದ್ಧಕ್ಕೆ ಮೊದಲೇ ನಾಲ್ಕು ಗಾಲಿಗಳ ಬ್ರೇಕನ್ನು ತಂದಿದ್ದರೂ ಅವು ಅಪವಾದಗಳಾಗಿಯೇ ಉಳಿದವು.

ಯುದ್ಧ ಮುಗಿದ ಮೇಲೆ ಪರಿಸ್ಥಿತಿ ಬೇಗ ಬದಲಾಯಿತು. ೧೯೧೯ರಲ್ಲಿ ಬಂದ ಹಿಸ್ಪಾನೊ-ಸುಯಿಜಾ ಎಚ್-೬ ಕಾರಿನಲ್ಲಿ ನಾಲ್ಕೂ ಗಾಲಿಗಳಿಗೆ ಬ್ರೇಕು ಇದ್ದುದಲ್ಲದೆ, ಗಾಡಿಯ ಓಟದಿಂದಲೇ ಬಲ ಪಡೆದು ಚಾಲಕನ ಕಾಲಿಗೆ ನೆರವಾಗುವ ಸರ್ವೋ ಯಂತ್ರವೂ ಇತ್ತು. ಅದನ್ನು ರೂಪಿಸಿದವನು ಮಾರ್ಕ್ ಬಿರ್ಕಿಗ್ಟ್ ಎಂಬ ಸ್ವಿಸ್ ಎಂಜಿನಿಯರು. ಅಮೆರಿಕದ ಡ್ಯೂಸೆನ್‌ಬರ್ಗ್ ೧೯೨೧ರಲ್ಲಿ ದ್ರವದ ಒತ್ತಡದಿಂದ ನಡೆಯುವ ಬ್ರೇಕನ್ನು ತನ್ನ ಕಾರಿನ ನಾಲ್ಕು ಗಾಲಿಗಳಿಗೂ ಅಳವಡಿಸಿತು. ೧೯೨೨ರ ಪುಟ್ಟ ಆಸ್ಟಿನ್ ಸೆವೆನ್ ಕಾರಿಗೂ ನಾಲ್ಕು ಬ್ರೇಕುಗಳಿದ್ದವು. ಆದರೆ ಪೆಡಲು ಹಿಂದಿನ ಎರಡಕ್ಕೆ, ಕೈಲಿವರು ಮುಂದಿನ ಎರಡಕ್ಕೆ! ಇವೆರಡನ್ನು ಕೂಡಿಸಬೇಕೆಂಬ ಬುದ್ಧಿ ಬಂದದ್ದು ೧೯೩೦ರಲ್ಲಿ. ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ೧೯೨೩ರಲ್ಲಿ ಹಿಂದಿನ ಬ್ರೇಕುಗಳಿಂದಲೇ ಓಡಿದ ಬೆಂಟ್ಲಿ ಕಾರು, ೧೯೨೪ರಲ್ಲಿ ಮುಂದಿನ ಬ್ರೇಕುಗಳನ್ನೂ ಕಟ್ಟಿಕೊಂಡು ಬಂದು ಗೆದ್ದಿತು. ಅದೇ ವರ್ಷ ರೋಲ್ಸ್-ರಾಯ್ಸ್ ಸಂಸ್ಥೆಯೂ ಹಿಸ್ಪಾನೊ ಮಾದರಿಯ ಸರ್ವೋ ಬ್ರೇಕನ್ನು ಒಪ್ಪಿಕೊಂಡಿತು. ಹೀಗೆ ಐದಾರು ವರ್ಷಗಳ ಒಳಗೆ ಹಳೆಯ ಭಯ ತೊಲಗಿತು.

ಭಯ ತೊಲಗಿತು, ಒಂದು ಹೊಸ ಕಾಯಿಲೆ ಬಂದಿತು. ಅಲ್ಲಿಯವರೆಗೆ ಮುಂದಿನ ಅಚ್ಚು ಭಾರವನ್ನು ಹೊತ್ತುಕೊಂಡು, ಗಾಲಿಗಳನ್ನು ಎಡಬಲಕ್ಕೆ ತಿರುಗಗೊಟ್ಟರೆ ಸಾಕಾಗಿತ್ತು. ಎರಡು ಕಮಾನು ಪಟ್ಟಿಗಳ ಮೇಲೆ ಬಿಗಿದ ಒಂದು ಉಕ್ಕಿನ ತೊಲೆ ಅದು. ಅದನ್ನು ತಿರುಚುವ ಬಲ ಯಾವುದೂ ಇರಲಿಲ್ಲ. ಬ್ರೇಕು ಬಂದ ಮೇಲೆ, ತಿರುಗುವ ಗಾಲಿಯನ್ನು ಹಿಡಿದು ನಿಲ್ಲಿಸುವ ಬಲವೆಲ್ಲವೂ ಆ ತೊಲೆಯನ್ನು ಗಾಲಿಯ ಜೊತೆಗೇ ಮುಂದಕ್ಕೆ ಉರುಳಿಸಲು ನೋಡುತ್ತದೆ. ಅದನ್ನು ತಡೆಯುವುದಕ್ಕೆ ಇರುವುದು ತೆಳುವಾದ ಆ ಕಮಾನು ಪಟ್ಟಿಗಳೇ. ಮೆತ್ತಗೆ ಕುಣಿಯಲೆಂದೇ ಮಾಡಿದ ಪಟ್ಟಿಗೆ ಗಟ್ಟಿಯಾಗಿ ನಿಲ್ಲುವ ಕೆಲಸವನ್ನೂ ಹೊರಿಸಿದರೆ ಅದು ಏನು ಮಾಡೀತು? ನಡುಗುತ್ತದೆ. ಚಾಲಕನು ಪೆಡಲನ್ನು ಒತ್ತಿದೊಡನೆ ಸ್ಟಿಯರಿಂಗು ಚಕ್ರ ಕೈಯಲ್ಲಿ ಕುಣಿಯುತ್ತದೆ, ಕಾಲಡಿಯ ಹಲಗೆ ಅದುರುತ್ತದೆ, ದೀಪದ ಬುರುಡೆಗಳು ತಲೆ ಅಲ್ಲಾಡಿಸುತ್ತವೆ. ಇಂಗ್ಲೆಂಡಿನಲ್ಲಿ ಇದಕ್ಕೆ ಜಡರ್ ಎಂದು ಹೆಸರು. ಅದು ಕೇವಲ ಅಹಿತವೆಂದು ತಳ್ಳಿಹಾಕುವ ಹಾಗಿಲ್ಲ. ನಡುಕಕ್ಕೆ ಬೆಚ್ಚಿದ ಚಾಲಕನು ಅರಿಯದೆಯೇ ಕಾಲನ್ನು ಸಡಿಲಿಸುತ್ತಾನೆ; ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಬ್ರೇಕಿನ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಶಾಲೆಯ ಲೆಕ್ಕದಿಂದಲೇ ತಿಳಿಯಬಹುದು. ೧೫೦೦ ಕಿಲೋಗ್ರಾಂ ತೂಕದ ಕಾರು ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಓಡುತ್ತಿರುವಾಗ ಅದರಲ್ಲಿರುವ ಚಲನ ಶಕ್ತಿ ಸುಮಾರು ೩೭೦ ಕಿಲೋಜೂಲ್. ತಣ್ಣನೆಯ ಒಂದು ಲೀಟರು ನೀರನ್ನು ಕುದಿಯುವ ತನಕ ಕಾಯಿಸಲು ಹೆಚ್ಚುಕಡಿಮೆ ಇಷ್ಟೇ ಶಾಖ ಬೇಕು. ಒಲೆಯ ಮೇಲೆ ಹಲವು ನಿಮಿಷ ಹಿಡಿಯುವ ಈ ಕೆಲಸವನ್ನು ಬ್ರೇಕುಗಳು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಕಬ್ಬಿಣದ ಡ್ರಮ್ಮಿನ ಒಳಮೈಗೆ ಶೂಗಳ ಲೈನರು ಉಜ್ಜಿ ಹುಟ್ಟುವ ಆ ಬಿಸಿ ಡ್ರಮ್ಮನ್ನು ಹಿಗ್ಗಿಸುತ್ತದೆ, ಲೈನರಿನ ಗುಣವನ್ನೇ ಬದಲಿಸುತ್ತದೆ. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯನ್ನು ಹಳೆಯ ಗಾಡಿಯಲ್ಲಿ ಇಳಿದು ಬಂದವರಿಗೆ ಸುಟ್ಟ ಲೈನರಿನ ವಾಸನೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಳೆಯ ಕಾರು ಎಂದರೆ ಎಲ್ಲ ಹಳೆಯ ಕಾರುಗಳೂ ಅಲ್ಲ. ೧೯೩೪ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬು ವಿಂಟೇಜ್ ಎಂಬ ಮಾತಿಗೆ ಒಂದು ಗಡಿಯನ್ನು ಹಾಕಿಕೊಟ್ಟಿತು: ಮೊದಲ ಮಹಾಯುದ್ಧದ ತರುವಾಯ ೧೯೩೦ರ ಕೊನೆಯ ಒಳಗೆ ತಯಾರಾದವು ಮಾತ್ರ ಆ ಹೆಸರಿಗೆ ಅರ್ಹ. ಮುಂದಿನ ಬ್ರೇಕು ಬಂದು ನೆಲೆಗೊಂಡದ್ದೂ ಸರಿಯಾಗಿ ಇದೇ ಅವಧಿಯಲ್ಲಿ. ಆದಕಾರಣ ನಡುಕವು ವಿಂಟೇಜ್ ಕಾರುಗಳಿಗೆ ಹುಟ್ಟಿನಿಂದಲೇ ಬಂದ ವ್ಯಾಧಿಯೆಂದರೂ ಸಲ್ಲುತ್ತದೆ. ಮುಂದೆ ಗಾಲಿಗಳನ್ನು ಒಂದಕ್ಕೊಂದು ಬಿಡಿಯಾಗಿ ತೂಗುಬಿಡುವ ಕ್ರಮವನ್ನು ಮಾರಿಸ್ ಆಲಿ ಎಂಬ ಎಂಜಿನಿಯರು, ರೋಲ್ಸ್-ರಾಯ್ಸ್ ಬಿಟ್ಟು ಅಮೆರಿಕಕ್ಕೆ ಹೋದವನು, ೧೯೩೪ರ ಕ್ಯಾಡಿಲ್ಯಾಕ್ ಕಾರಿಗೆ ತಂದದ್ದರ ಹಿಂದೆ ಮುಂದಿನ ಅಚ್ಚಿನ ಇಂಥ ಕುಣಿತಗಳಿಂದ ಪಾರಾಗುವ ಉದ್ದೇಶವೂ ಇತ್ತು.

ಈಗ ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯಲ್ಲಿ ೧೯೨೬ರ ಟೂರಿಂಗ್ ಕಾರೊಂದನ್ನು ಇಟ್ಟುಕೊಂಡಿರುವ ಒಬ್ಬ ಒಡೆಯನನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಆ ಸೀಮೆಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಅದು ಕಡಿದಾದ ಇಳಿಜಾರುಗಳ ನಾಡು. ಅಲ್ಲಿಯ ಗಾಡಿಕಾರರು ಇಳಿಜಾರಿನಲ್ಲಿ ಮರದ ಬ್ರೇಕುಗಟ್ಟೆಗೆ ಹಳೆಯ ಬೂಟಿನ ಚರ್ಮವನ್ನು ಹೊಡೆದು ಗಾಲಿಗೆ ಒತ್ತುತ್ತಿದ್ದರಂತೆ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬವನು ಅದಕ್ಕಿಂತ ಉತ್ತಮವಾದ ವಸ್ತುವನ್ನು ಹುಡುಕಹೊರಟು ೧೮೯೭ರಲ್ಲಿ ಉದ್ಯಮವನ್ನು ಆರಂಭಿಸಿದನು. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಒಂದನ್ನು ಸೇರಿಸಿ, ಅವನು ಕಟ್ಟಿದ ಹೆಸರು ಫೆರೋಡೊ. ಬ್ರೇಕಿನ ಲೈನರು ಎಂದೊಡನೆ ಇಂದಿಗೂ ನೆನಪಾಗುವ ಹೆಸರುಗಳಲ್ಲಿ ಅದೊಂದು.

ಈ ಒಡೆಯನ ಕಾರು ಬೆಟ್ಟ ಇಳಿಯುವಾಗ ನಡುಗುತ್ತದೆ. ಅವನಿಗೆ ಮೊದಲು ಹೊಳೆಯುವ ಉಪಾಯ, ಪ್ರತಿಯೊಬ್ಬ ಒಡೆಯನಿಗೂ ಹೊಳೆಯುವಂಥದೇ: ಡ್ರಮ್ಮು ಸೊಟ್ಟಗಾಗಿದೆ, ಲೇತಿಗೆ ಹಾಕಿ ಕಡೆಸಿಬಿಟ್ಟರೆ ಸರಿಹೋಗುತ್ತದೆ. ಕಾರ್ಯಾಗಾರಗಳೂ ಇದಕ್ಕೆ ಬೇಡವೆನ್ನುವುದಿಲ್ಲ; ಅರ್ಧ ದಿನದ ಕೆಲಸ, ಕಣ್ಣಿಗೆ ಕಾಣುವ ಹೊಳಪು, ಕೈಗೆ ಸಿಗುವ ಕೂಲಿ. ಆದರೆ ಸುಮಾರು ನೂರು ವರ್ಷದ ಆ ಡ್ರಮ್ಮಿನಲ್ಲಿ ಉಳಿದಿರುವ ಲೋಹ ಎಷ್ಟು? ಹಿಂದಿನ ಒಡೆಯರು ಎಷ್ಟು ಬಾರಿ ಕಡೆಸಿದ್ದಾರೆ? ಕಡೆದು ತೆಗೆದದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ. ಡ್ರಮ್ಮು ತೆಳುವಾದಷ್ಟೂ ಬೇಗ ಕಾಯುತ್ತದೆ, ಕಾದಷ್ಟೂ ಹಿಗ್ಗುತ್ತದೆ, ಶೂಗಳ ಒತ್ತಡಕ್ಕೆ ಅದರ ತೆರೆದ ಅಂಚು ಗಂಟೆಯ ಬಾಯಿಯಂತೆ ಅಗಲವಾಗುತ್ತದೆ. ಅಂದರೆ ನಡುಕವನ್ನು ಕಳೆಯಲು ಮಾಡಿದ ಕೆಲಸವೇ ಮುಂದಿನ ನಡುಕಕ್ಕೆ ಬೀಜವಾಗುತ್ತದೆ. ಫೋರ್ಡ್ ಸಂಸ್ಥೆ ೧೯೨೭ರ ಕೊನೆಯಲ್ಲಿ ಹೊರತಂದು ಲಕ್ಷಗಟ್ಟಲೆ ಮಾರಿದ ಮಾಡೆಲ್-ಎ ಕಾರಿನವರು ಈ ವಿಷಯದಲ್ಲಿ ಪುಣ್ಯವಂತರು. ಅದರ ಮೂಲ ಡ್ರಮ್ಮುಗಳು ತೆಳು ಉಕ್ಕಿನ ತಗಡನ್ನು ಒತ್ತಿ ಮಾಡಿದವು; ಅವುಗಳ ಬದಲಿಗೆ ಎರಕದ ಕಬ್ಬಿಣದ ಹೊಸ ಡ್ರಮ್ಮುಗಳು ಅಂಗಡಿಯಲ್ಲಿ ದೊರೆಯುತ್ತವೆ. ಕೆಲವೇ ನೂರು ಸಂಖ್ಯೆಯಲ್ಲಿ ತಯಾರಾದ ಕಾರಿನ ಒಡೆಯನಿಗೆ ಆ ಭಾಗ್ಯವಿಲ್ಲ. ಅಚ್ಚು ಮಾಡಿಸಿ, ಎರಕ ಹೊಯ್ಯಿಸಿ, ಕಡೆಸಬೇಕಾದರೆ ಆಗುವ ಖರ್ಚು ಸಾಮಾನ್ಯವಲ್ಲ. ಆದುದರಿಂದ ಲೇತಿನ ಬಳಿಗೆ ಹೋಗುವುದು ಕಡೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ.

ಮೊದಲ ಹೆಜ್ಜೆಗೆ ಯಾವ ಉಪಕರಣವೂ ಬೇಡ. ನಡುಕದ ವೇಗವನ್ನು ಗಮನಿಸುವ ಮೈಯಿದ್ದರೆ ಸಾಕು. ಜನಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಗಾಡಿಯನ್ನು ಗಂಟೆಗೆ ೬೦ ಕಿಲೋಮೀಟರು ವೇಗಕ್ಕೆ ತಂದು, ಪೆಡಲನ್ನು ಹಗುರವಾಗಿ, ಒಂದೇ ಸಮನಾಗಿ ಒತ್ತಿ ಹಿಡಿದು, ಗಾಡಿ ನಿಧಾನವಾಗುತ್ತ ಬರುವಾಗ ನಡುಕ ಏನಾಗುತ್ತದೆ ಎಂಬುದನ್ನು ನೋಡಬೇಕು. ಗಾಲಿಯ ಸುತ್ತಳತೆ ೨.೨ ಮೀಟರು ಎಂದಿಟ್ಟುಕೊಂಡರೆ ಆ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ೭.೬ ಸುತ್ತು ತಿರುಗುತ್ತದೆ. ವೇಗ ಅರ್ಧಕ್ಕೆ ಇಳಿದಾಗ ೩.೮ ಸುತ್ತು. ಡ್ರಮ್ಮು ಅಂಡಾಕಾರವಾಗಿದ್ದರೆ ಒಂದು ಸುತ್ತಿಗೆ ಎರಡು ಉಬ್ಬುಗಳಂತೆ ಸೆಕೆಂಡಿಗೆ ಹದಿನೈದು ಬಾರಿ ಅದುರಿ, ಅರ್ಧ ವೇಗದಲ್ಲಿ ಏಳೆಂಟು ಬಾರಿ ಅದುರುತ್ತದೆ. ಗಾಡಿ ನಿಧಾನವಾದಂತೆ ನಡುಕವೂ ನಿಧಾನವಾದರೆ ದೋಷವು ತಿರುಗುವ ವಸ್ತುವಿನಲ್ಲಿದೆ. ಅದು ಡ್ರಮ್ಮು, ಹಬ್ಬು, ಗಾಲಿ, ಟೈರು ಇವುಗಳಲ್ಲಿ ಒಂದು. ಗಾಡಿ ನಿಧಾನವಾದರೂ ನಡುಕ ತನ್ನ ಲಯವನ್ನು ಬಿಡದೆ ಒಂದೇ ಗತಿಯಲ್ಲಿ ಬಡಿಯುತ್ತಿದ್ದರೆ ದೋಷವು ತಿರುಗುವ ವಸ್ತುವಿನದಲ್ಲ. ಅಚ್ಚು ಮತ್ತು ಕಮಾನು ಪಟ್ಟಿ ಸೇರಿ ತಮ್ಮ ಸ್ವಂತ ತಾಳದಲ್ಲಿ ಕುಣಿಯುತ್ತಿವೆ. ಅಂಥಲ್ಲಿ ಡ್ರಮ್ಮನ್ನು ಎಷ್ಟು ಕಡೆದರೂ ಫಲವಿಲ್ಲ.

ಈ ಒಂದು ಪರೀಕ್ಷೆಯಿಂದ ಎಷ್ಟು ಡ್ರಮ್ಮುಗಳು ಉಳಿಯಬಹುದು! ಅದು ಮಾಡಲು ತೀರ ಸುಲಭವಾಗಿರುವುದರಿಂದಲೇ ಏನೋ ಹಲವರು ಅದನ್ನು ಮಾಡುವುದಿಲ್ಲ. ಮೂರನೆಯದೊಂದು ಸ್ಥಿತಿಯೂ ಉಂಟು. ಡ್ರಮ್ಮಿನ ಉಬ್ಬು ಅಚ್ಚಿನ ಸ್ವಂತ ತಾಳಕ್ಕೆ ಸರಿಯಾಗಿ ಕೂಡುವ ಒಂದು ವೇಗದಲ್ಲಿ ಮಾತ್ರ ನಡುಕ ಜೋರಾಗಿ, ಅದರ ಮೇಲೆ ಮತ್ತು ಕೆಳಗೆ ತಣ್ಣಗಿರುತ್ತದೆ. ಜೋಕಾಲಿಯನ್ನು ತಕ್ಕ ಹೊತ್ತಿಗೆ ತಳ್ಳಿದರೆ ಸಣ್ಣ ಮಗುವೂ ದೊಡ್ಡ ಆಳನ್ನು ತೂಗಬಲ್ಲದು ಎಂಬಂತೆ. ಇಲ್ಲಿ ಎರಡು ಕಡೆಯೂ ಸ್ವಲ್ಪ ಸ್ವಲ್ಪ ದೋಷವಿರುತ್ತದೆ. ಯಾವುದಾದರೂ ಒಂದನ್ನು ಸರಿಪಡಿಸಿದರೆ ಅನೇಕ ವೇಳೆ ಸಾಕಾಗುತ್ತದೆ.

ಯಾವ ದೋಷವೂ ಇಲ್ಲದ ದುಂಡಾದ ಡ್ರಮ್ಮಿನ ಮೇಲೆ ಲೈನರು ತಾನಾಗಿಯೇ ನಡುಗುವುದೇಕೆ ಎಂಬ ಪ್ರಶ್ನೆಗೆ ಉತ್ತರವು ಪ್ರತಿಯೊಂದು ತರಗತಿಯಲ್ಲಿಯೂ ಇದೆ. ಸೀಮೆಸುಣ್ಣದ ತುಂಡನ್ನು ಕಪ್ಪು ಹಲಗೆಯ ಮೇಲೆ ಓರೆಯಾಗಿ ಹಿಡಿದು ಎಳೆದರೆ ಗೆರೆ ನುಣ್ಣಗೆ ಮೂಡುತ್ತದೆ. ಅದನ್ನೇ ನೆಟ್ಟಗೆ ಹಿಡಿದು ಮುಂದಕ್ಕೆ ತಳ್ಳಿದರೆ ಸುಣ್ಣ ಕುಣಿಕುಣಿದು ಗೆರೆಯ ಬದಲು ಚುಕ್ಕೆಗಳ ಸಾಲನ್ನು ಬರೆಯುತ್ತದೆ. ಸುಣ್ಣ ಹಲಗೆಯನ್ನು ಕಚ್ಚುತ್ತದೆ. ಕೈ ತಳ್ಳುತ್ತಲೇ ಇರುವುದರಿಂದ ಬಾಗುತ್ತದೆ. ಬಾಗಿ ಬಾಗಿ ಥಟ್ಟನೆ ಜಾರುತ್ತದೆ. ಜಾರಿದೊಡನೆ ಮತ್ತೆ ಕಚ್ಚುತ್ತದೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಜಾರುತ್ತಿರುವ ವಸ್ತುವನ್ನು ಜಾರಿಸಲು ಬೇಕಾದ ಬಲಕ್ಕಿಂತ ಹೆಚ್ಚು ಎಂಬ ಘರ್ಷಣೆಯ ಪಾಠವೇ ಇದರ ಮೂಲ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ಕಚ್ಚು-ಜಾರಿನಿಂದ. ಅಲ್ಲಿ ನಾದವಾಗುವುದು ಇಲ್ಲಿ ನಡುಕವಾಗುತ್ತದೆ. ಹಗುರವಾಗಿ ಬಿಗಿದ ಉಳಿ ಲೇತಿನ ಮೇಲೆ ಚಟಚಟನೆ ಅದುರಿ ಕೆಲಸವನ್ನು ಕೆಡಿಸುವುದನ್ನು ಕೈಗಾರಿಕಾ ತರಬೇತಿ ಪಡೆದ ವಿದ್ಯಾರ್ಥಿಗಳೆಲ್ಲ ಕಂಡಿರುತ್ತಾರೆ.

ಡ್ರಮ್ಮಿನ ಒಳಗೆ ಎರಡು ಶೂಗಳು ಇರುತ್ತವೆ. ಎರಡರ ಸ್ವಭಾವವೂ ಒಂದೇ ಅಲ್ಲ. ಕೋಲನ್ನು ನೆಲಕ್ಕೆ ಊರಿ ಮುಂದಕ್ಕೆ ತಳ್ಳುತ್ತ ಹೋದರೆ ಅದು ನೆಲಕ್ಕೆ ನಾಟುತ್ತದೆ. ಹಿಂದೆ ಎಳೆದುಕೊಂಡು ಹೋದರೆ ಸುಮ್ಮನೆ ಜಾರಿ ಬರುತ್ತದೆ. ಮುಂಗಡ ಶೂ ತಳ್ಳಿದ ಕೋಲಿನಂತೆ. ತಿರುಗುವ ಡ್ರಮ್ಮೇ ಅದನ್ನು ತನ್ನೊಳಗೆ ಸೆಳೆದು ಇನ್ನಷ್ಟು ಬಿಗಿಯಾಗಿ ಒತ್ತಿಸುತ್ತದೆ. ಹಿಂಗಡ ಶೂವನ್ನು ಅದೇ ಡ್ರಮ್ಮು ಆಚೆಗೆ ತಳ್ಳುತ್ತದೆ. ಮುಂಗಡ ಶೂವಿನ ಈ ಗುಣದಿಂದಲೇ ಚಾಲಕನ ಕಾಲಿಗೆ ಶ್ರಮ ಕಡಿಮೆ. ನಡುಕಕ್ಕೆ ಮೊದಲ ಕಾರಣವಾಗುವುದೂ ಅದೇ. ಲೈನರಿನ ಮೊದಲ ಅಂಚು ಡ್ರಮ್ಮಿಗೆ ಮೊದಲು ತಾಗಿದರೆ ಶೂ ಹಿಡಿದುಕೊಳ್ಳುತ್ತದೆ, ಅಚ್ಚು ಮುಂದಕ್ಕೆ ತಿರುಚಿಕೊಳ್ಳುತ್ತದೆ, ಕಮಾನು ಪಟ್ಟಿ ಬಾಗಿ ಬಾಗಿ ಒಮ್ಮೆಗೇ ಚಿಮ್ಮುತ್ತದೆ, ಹಿಡಿತ ಸಡಿಲುತ್ತದೆ, ಮತ್ತೆ ಹಿಡಿಯುತ್ತದೆ.

ಸರಳು ಮತ್ತು ಕೇಬಲ್ಲುಗಳಿಂದ ಎಳೆಯುವ ಬ್ರೇಕುಗಳಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಸರಳಿನ ಒಂದು ತುದಿ ಗಾಡಿಯ ಚೌಕಟ್ಟಿನಲ್ಲಿದೆ, ಇನ್ನೊಂದು ಅಚ್ಚಿನ ಮೇಲೆ. ಅಚ್ಚು ತಿರುಚಿಕೊಂಡಾಗ ಆ ತುದಿ ಸರಿದು, ಚಾಲಕನು ಕಾಲನ್ನು ಅಲ್ಲಾಡಿಸದಿದ್ದರೂ ಬ್ರೇಕು ತಾನೇ ಹೆಚ್ಚು ಬಿಗಿಯಬಹುದು, ಇಲ್ಲವೆ ಸಡಿಲವಾಗಬಹುದು. ಬಿಗಿದರೆ ಅಚ್ಚು ಮತ್ತೂ ತಿರುಚಿಕೊಳ್ಳುತ್ತದೆ. ಕಾರಣವು ಕಾರ್ಯವನ್ನು, ಕಾರ್ಯವು ಕಾರಣವನ್ನು ಬೆಳೆಸುತ್ತ ಹೋಗುತ್ತವೆ. ಮುಂದಿನ ಗಾಲಿಯು ಎಡಬಲಕ್ಕೆ ತಿರುಗಿದರೂ ಎಳೆತ ಕೆಡದಂತೆ ಆಂರಿ ಪೆರೋ ಎಂಬ ಫ್ರೆಂಚ್ ಎಂಜಿನಿಯರು ರೂಪಿಸಿದ, ಕೀಲುಗಳುಳ್ಳ ದಂಡವು ಆ ಕಾಲದ ಅನೇಕ ಕಾರುಗಳಲ್ಲಿ ಕಾಣುತ್ತದೆ. ಅದು ಜಾಣತನದ ಕೆಲಸವೇ. ಆದರೆ ಅದರ ಕೀಲುಗಳು ಸವೆದು ಸಡಿಲವಾದ ಮೇಲೆ ಜಾಣತನ ನಿಲ್ಲುವುದಿಲ್ಲ. ಫೋರ್ಡ್ ಮಾಡೆಲ್-ಎ, ಆಸ್ಟಿನ್ ಸೆವೆನ್ ಕಾರುಗಳಲ್ಲಿ ಕಮಾನು ಪಟ್ಟಿ ಅಡ್ಡಲಾಗಿದ್ದು, ಅಚ್ಚನ್ನು ಹಿಂದಿನಿಂದ ತ್ರಿಕೋನಾಕಾರದ ತೋಳುಗಳು ಹಿಡಿದಿರುತ್ತವೆ. ಅಚ್ಚು ಉರುಳದಂತೆ ತಡೆಯುವ ಹೊಣೆ ಆ ತೋಳುಗಳದು, ಪಟ್ಟಿಯದಲ್ಲ. ಅಗ್ಗದ ಎರಡು ಕಾರುಗಳು ಬೆಲೆಬಾಳುವ ಅನೇಕ ಕಾರುಗಳಿಗಿಂತ ಈ ಒಂದು ವಿಷಯದಲ್ಲಿ ಹೆಚ್ಚು ಬುದ್ಧಿವಂತವಾಗಿದ್ದವು ಎಂದು ಧಾರಾಳವಾಗಿ ಹೇಳಬಹುದು.

ಕಲ್ಪನೆಯ ಒಡೆಯನ ಕಾರಿನಲ್ಲಿ ನಡುಕದ ಗತಿ ವೇಗದೊಡನೆ ಬದಲಾಗುವುದಿಲ್ಲ ಎಂದು ಗೊತ್ತಾಯಿತೆನ್ನೋಣ. ಮುಂದಿನದೋ ಹಿಂದಿನದೋ ಎಂಬುದು ಎರಡನೆಯ ಪ್ರಶ್ನೆ. ಅವನ ಕಾರಿನಲ್ಲಿ ಕೈಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ ಇರುವುದರಿಂದ ಅದನ್ನೊಂದನ್ನೇ ಮೆಲ್ಲಗೆ ಎಳೆದು ನೋಡುತ್ತಾನೆ. ಗಾಡಿ ನಡುಗದೆ ನಿಲ್ಲುತ್ತದೆ. ಆಮೇಲೆ ಮುಂಭಾಗವನ್ನು ಜಾಕಿಯಿಂದ ಎತ್ತಿ, ಭದ್ರವಾದ ಆಧಾರಗಳ ಮೇಲೆ ಇಳಿಸಿ, ಗಾಲಿಯ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲ್ಲಾಡಿಸಿ ನೋಡಬೇಕು. ಗಾಲಿ ಕೊಂಚ ಆಡುತ್ತದೆ. ಆ ಆಟ ಹಬ್ಬಿನ ಬೇರಿಂಗಿನದೋ, ಗಾಲಿ ತಿರುಗುವ ಕಿಂಗ್‌ಪಿನ್ನಿನದೋ? ಇನ್ನೊಬ್ಬರನ್ನು ಕೂರಿಸಿ ಬ್ರೇಕನ್ನು ಒತ್ತಿಸಿ ಮತ್ತೆ ಅಲ್ಲಾಡಿಸಬೇಕು. ಬ್ರೇಕು ಒತ್ತಿದಾಗ ಡ್ರಮ್ಮು ಶೂಗಳಿಗೆ ಕಚ್ಚಿಕೊಳ್ಳುವುದರಿಂದ ಬೇರಿಂಗಿನ ಆಟ ಮಾಯವಾಗುತ್ತದೆ. ಕಿಂಗ್‌ಪಿನ್ನಿನ ಆಟ ಹಾಗೆಯೇ ಉಳಿಯುತ್ತದೆ. ಒಂದು ಪೈಸೆಯ ಖರ್ಚಿಲ್ಲದ ಈ ಉಪಾಯ ಬಹುಕಾಲದಿಂದ ಮೇಸ್ತ್ರಿಗಳ ಬಳಕೆಯಲ್ಲಿದೆ.

ಬಳಿಕ ಪಟ್ಟಿಯನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟುಗಳು, ಪಟ್ಟಿಯ ತುದಿಗಳ ಪಿನ್ನುಗಳು ಮತ್ತು ಬುಷ್‌ಗಳು, ಶೂಗಳನ್ನು ಹೊತ್ತ ಹಿಂಬದಿಯ ತಟ್ಟೆಯ ಬೋಲ್ಟುಗಳು, ಶೂಗಳನ್ನು ಅಗಲಿಸುವ ಕ್ಯಾಮಿನ ಬುಷ್ ಇವೆಲ್ಲವನ್ನೂ ಸ್ಪ್ಯಾನರು ಹಿಡಿದು, ಸನ್ನೆಕೋಲು ಹಾಕಿ, ಒಂದೊಂದಾಗಿ ನೋಡಬೇಕು. ಇಲ್ಲಿ ಹೇಳಿಕೊಳ್ಳುವಂಥ ರಹಸ್ಯವೇನೂ ಇಲ್ಲ, ತಾಳ್ಮೆಯೊಂದೇ ಬೇಕು. ಸಡಿಲವಾದ ಯು-ಬೋಲ್ಟು ಒಂದೇ ಇಡೀ ನಡುಕಕ್ಕೆ ಸಾಕಾಗಬಹುದು. ಆ ಕಾಲದ ಕಾರುಗಳಲ್ಲಿ ಕುಲುಕಾಟವನ್ನು ತಗ್ಗಿಸಲು ಹಾರ್ಟ್‌ಫರ್ಡ್ ಮಾದರಿಯ ಘರ್ಷಕಗಳಿರುತ್ತವೆ. ಲೋಹದ ಎರಡು ತೋಳುಗಳ ನಡುವೆ ಮರದ ಬಿಲ್ಲೆಗಳನ್ನಿಟ್ಟು ಬೋಲ್ಟಿನಿಂದ ಬಿಗಿದವು. ವರ್ಷಗಟ್ಟಲೆ ಯಾರೂ ಮುಟ್ಟದೆ ಅವು ಸಡಿಲಗೊಂಡಿದ್ದರೆ ಅಚ್ಚಿನ ಕುಣಿತಕ್ಕೆ ಕಡಿವಾಣವೇ ಇರುವುದಿಲ್ಲ. ತಕ್ಕಷ್ಟು ಬಿಗಿದರೆ ಅಚ್ಚಿನ ಬಡಿತ ಬಹಳಷ್ಟು ತಗ್ಗುತ್ತದೆ. ಅತಿಯಾಗಿ ಬಿಗಿದರೆ ಗಾಡಿ ಕಲ್ಲುಬಂಡಿಯಂತೆ ಓಡುತ್ತದೆ, ಅದು ಬೇರೆ ಮಾತು.

ಲೈನರಿನ ವಿಷಯ ಇದಕ್ಕಿಂತ ಸೂಕ್ಷ್ಮ. ಹಳೆಯ ಲೈನರುಗಳು ಕಲ್ನಾರಿನವು, ಎಂದರೆ ಆಸ್‌ಬೆಸ್ಟಾಸ್‌ನವು. ಬ್ರಿಟನ್ನಿನಲ್ಲಿ ಕಲ್ನಾರಿನ ಬಳಕೆಯನ್ನು ೧೯೯೯ರಲ್ಲಿ ನಿಷೇಧಿಸಿದ ಮೇಲೆ ಹಳೆಯ ಕಾರುಗಳವರೂ ಬೇರೆ ವಸ್ತುಗಳಿಗೆ ಹೊಂದಿಕೊಳ್ಳಬೇಕಾಯಿತು. ಹೊಸ ಲೈನರುಗಳ ಹಿಡಿತ ಹಳೆಯವುಗಳಂತೆಯೇ ಇರುವುದಿಲ್ಲ. ಕೆಲವು ತಣ್ಣಗಿರುವಾಗ ಅತಿಯಾಗಿ ಹಿಡಿಯುತ್ತವೆ, ಕೆಲವು ಡ್ರಮ್ಮಿಗಿಂತ ಗಡುಸಾಗಿದ್ದು ಅದನ್ನೇ ತಿನ್ನುತ್ತವೆ. ಹಿಡಿತ ಜೋರಾಗಿದ್ದಷ್ಟೂ ಒಳ್ಳೆಯದೆಂದು ತಿಳಿದು ಆಧುನಿಕ ಕಾರಿನ ಗಟ್ಟಿ ಲೈನರನ್ನು ಹಳೆಯ ಶೂವಿಗೆ ಅಂಟಿಸಿ ನಡುಕವನ್ನು ಬರಮಾಡಿಕೊಂಡವರು ಕಡಿಮೆಯಿಲ್ಲ. ವಿಂಟೇಜ್ ಕಾರಿಗೆ ನೂಲಿನಿಂದ ನೆಯ್ದಂಥ ಮೆತ್ತನೆಯ ಲೈನರು ಸಾಮಾನ್ಯವಾಗಿ ಹಿತ. ಅದು ಬೇಗ ಸವೆಯುತ್ತದೆ ನಿಜ, ಆದರೆ ಸವೆಯುವುದು ಲೈನರು, ಡ್ರಮ್ಮಲ್ಲ. ಇನ್ನೊಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಹಳೆಯ ಡ್ರಮ್ಮನ್ನು ಬಿಚ್ಚಿದಾಗ ಒಳಗಿರುವ ಬೂದಿಯಂಥ ಧೂಳನ್ನು ಬಾಯಿಂದ ಊದುವುದಾಗಲಿ, ಗಾಳಿಯ ಪಂಪಿನಿಂದ ಹಾರಿಸುವುದಾಗಲಿ ಕೂಡದು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರಾಗಿ ಎದ್ದೀತು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು. ಈ ಮಾತು ಇಂಗ್ಲೆಂಡಿನವರಿಗೆ ಮಾತ್ರ ಹೇಳಿದ್ದಲ್ಲ. ೨೦೧೪ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿಗೆ ಬಹುಕಾಲ ನಾಲ್ಕೂ ಕಡೆ ಡ್ರಮ್ ಬ್ರೇಕುಗಳೇ ಇದ್ದವು. ಹುಬ್ಬಳ್ಳಿ, ದಾವಣಗೆರೆಗಳ ಗ್ಯಾರೇಜುಗಳಲ್ಲಿ ಅವನ್ನು ಬಿಚ್ಚಿ ಕಟ್ಟಿದ ಕೈಗಳು ಎಷ್ಟೋ.

ಹೊಸ ಲೈನರನ್ನು ರಿವೆಟ್ಟು ಹೊಡೆದು ಕೂರಿಸಿದರೆ ಕೆಲಸ ಮುಗಿಯಿತೆಂದುಕೊಳ್ಳುವುದು ತಪ್ಪು. ಡ್ರಮ್ಮಿನ ಒಳಮೈಯ ಬಾಗು ಮತ್ತು ಲೈನರಿನ ಹೊರಮೈಯ ಬಾಗು ಒಂದಕ್ಕೊಂದು ಕೂಡಬೇಕು. ಹಿಂದೆ ಕಡೆದು ಅಗಲವಾದ ಡ್ರಮ್ಮಿನೊಳಗೆ ಮೂಲ ಅಳತೆಯ ಶೂ ಇಟ್ಟರೆ ಅದು ನಡುವೆ ಮಾತ್ರ ತಾಗುತ್ತದೆ. ಲೈನರಿನ ಬಾಗು ಡ್ರಮ್ಮಿಗಿಂತ ದೊಡ್ಡದಾದರೆ ಎರಡು ತುದಿಗಳಲ್ಲಿ ಮಾತ್ರ ತಾಗುತ್ತದೆ; ಇದು ಎಲ್ಲಕ್ಕಿಂತ ಕೆಟ್ಟದ್ದು, ತುದಿ ಕಚ್ಚುತ್ತದೆ. ಆದುದರಿಂದ ಲೈನರನ್ನು ಶೂವಿನ ಮೇಲೆಯೇ ಕಡೆದು, ಡ್ರಮ್ಮಿಗಿಂತ ಕೂದಲೆಳೆಯಷ್ಟು ಕಿರಿದಾದ ಬಾಗನ್ನು ಕೊಟ್ಟು, ಮುಂಗಡ ಶೂವಿನ ಮೊದಲ ಅಂಚನ್ನು ಅರ್ಧ ಅಂಗುಲದಷ್ಟು ಅರದಿಂದ ಇಳಿಜಾರಾಗಿ ಉಜ್ಜುತ್ತಾರೆ. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿದು, ಕೂರಿಸಿ, ಬ್ರೇಕನ್ನು ಹಗುರವಾಗಿ ಒತ್ತಿ ಗಾಲಿಯನ್ನು ಕೈಯಿಂದ ತಿರುಗಿಸಿ ಬಿಚ್ಚಿದರೆ ಸಾಕು. ಲೈನರಿನ ಮೇಲೆ ಬಿಳಿ ಅಂಟಿದ ಜಾಗವೇ ತಾಗಿದ ಜಾಗ. ಅಲ್ಲಿ ಅರ ಆಡಿಸಿ, ಮತ್ತೆ ಸುಣ್ಣ ಬಳಿದು, ಮತ್ತೆ ನೋಡಿ, ಬಿಳಿಯು ಲೈನರಿನ ಬಹುಭಾಗಕ್ಕೆ ಹಬ್ಬುವವರೆಗೆ ಮುಂದುವರಿಸಬೇಕು. ಅರದ ಪುಡಿಯನ್ನು ಉಸಿರಿಗೆ ಹೋಗಗೊಡಬಾರದು.

ಇಷ್ಟೆಲ್ಲ ಆದ ಮೇಲೆಯೇ ಡ್ರಮ್ಮಿನ ಸರದಿ. ಹಬ್ಬು ತನ್ನ ಬೇರಿಂಗುಗಳ ಮೇಲೆಯೇ ತಿರುಗುತ್ತಿರಲು, ಡಯಲ್ ಗೇಜಿನ ಮೊನೆಯನ್ನು ಡ್ರಮ್ಮಿನ ಒಳಮೈಗೆ ತಾಗಿಸಿ ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿದರೆ ಡ್ರಮ್ಮು ದುಂಡಾಗಿಯೇ ಇದ್ದು ಕೇಂದ್ರ ತಪ್ಪಿ ಕುಳಿತಿದೆ. ಎರಡು ಬಾರಿ ಏರಿ ಎರಡು ಬಾರಿ ಇಳಿದರೆ ಅಂಡಾಕಾರವಾಗಿದೆ. ಬರೆಯುವ ಕಾಗದದ ಒಂದು ಹಾಳೆಯ ದಪ್ಪ ಅಂಗುಲದ ಸಾವಿರದ ನಾಲ್ಕು ಭಾಗದಷ್ಟು. ಏರಿಳಿತ ಅಷ್ಟನ್ನು ದಾಟಿದರೆ ಕಾಲಿಗೆ ತಿಳಿಯುವ ಸಂಭವ ಹೆಚ್ಚು. ಕೇಂದ್ರ ತಪ್ಪಿದ್ದಕ್ಕೆ ಕಡೆಯುವುದೇ ಮದ್ದಲ್ಲ. ಡ್ರಮ್ಮನ್ನು ಹಬ್ಬಿನಿಂದ ಬಿಚ್ಚಿ, ತಾಗುವ ಮೈಗಳ ತುಕ್ಕು ಮತ್ತು ಹಳೆಯ ಬಣ್ಣವನ್ನು ಕೆರೆದು, ಬೋಲ್ಟುಗಳನ್ನು ಎದುರೆದುರಾಗಿ ಸಮನಾಗಿ ಬಿಗಿದರೆ ಎಷ್ಟೋ ವೇಳೆ ಮುಳ್ಳು ತೆಪ್ಪಗಾಗುತ್ತದೆ. ಅಂಡಾಕಾರವಾಗಿದ್ದರೆ ಮಾತ್ರ ಲೇತು. ಆಗಲೂ ಡ್ರಮ್ಮನ್ನು ಬಿಡಿಯಾಗಿ ಲೇತಿಗೆ ಕಟ್ಟಬಾರದು. ಹಬ್ಬಿನೊಡನೆ ಸೇರಿಸಿಯೇ, ಹಬ್ಬಿನ ಬೇರಿಂಗು ಕೂರುವ ಮೈಗಳನ್ನೇ ಆಧಾರವ��ಗಿ ಹಿಡಿದು ಕಡೆಯಬೇಕು. ಬಿಡಿಯಾಗಿ ದುಂಡಾದದ್ದು ಬೋಲ್ಟು ಬಿಗಿದ ಮೇಲೆ ಮತ್ತೆ ಸೊಟ್ಟಗಾಗಬಹುದು. ಉಳಿ ತೆಗೆಯುವುದು ಸಾಕೆನಿಸುವಷ್ಟನ್ನು ಮಾತ್ರ. ಒಳಮೈಯಲ್ಲಿ ಒಂದೆರಡು ಗೀರು ಉಳಿದರೆ ಉಳಿಯಲಿ; ಗೀರು ನಡುಗಿಸುವುದಿಲ್ಲ. ಕನ್ನಡಿಯಂತೆ ಹೊಳೆಯಬೇಕೆಂಬ ಆಸೆಗೆ ಇನ್ನೊಂದು ಸುತ್ತು ಕಡೆಸಿ ಡ್ರಮ್ಮಿನ ಆಯುಷ್ಯವನ್ನು ಕಳೆದುಕೊಳ್ಳುವುದು ದುಂದುಗಾರಿಕೆ.

ನಿಂತ ಕಾರಿಗೂ ನಡುಕ ಬರುತ್ತದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕೈಬ್ರೇಕು ಹಾಕಿ ನಿಲ್ಲಿಸಿದ ಕಾರಿನ ಡ್ರಮ್ಮು ಶೂ ಒತ್ತಿದ ಕಡೆ ಒಂದು ರೀತಿ, ತೆರೆದ ಕಡೆ ಇನ್ನೊಂದು ರೀತಿ ತುಕ್ಕು ಹಿಡಿದು, ವಸಂತದಲ್ಲಿ ಹೊರಗೆ ತೆಗೆದಾಗ ಗಾಲಿಯ ಸುತ್ತಿಗೊಮ್ಮೆ ಹಿಡಿದು ಬಿಡುತ್ತದೆ. ಕೈಬ್ರೇಕು ಬಿಟ್ಟು ಗಾಲಿಗೆ ಮರದ ತುಂಡನ್ನು ಕೊಟ್ಟು ನಿಲ್ಲಿಸಿದರೆ ಈ ತೊಂದರೆ ಇಲ್ಲ. ಮಳೆಗಾಲದ ತೇವವಿರುವ ಕರಾವಳಿ ಮಲೆನಾಡುಗಳಲ್ಲಿ ಹಳೆಯ ಕಾರನ್ನು ಇಟ್ಟವರಿಗೂ ಇದು ಅನ್ವಯಿಸುತ್ತದೆ. ಧರ್ಮಸ್ಥಳದ ಸಂಗ್ರಹದಲ್ಲಿ ಸಾಲಾಗಿ ನಿಂತ ಹಳೆಯ ಮೋಟಾರುಗಳನ್ನು ನೋಡುವಾಗ ಬಣ್ಣ, ಹಿತ್ತಾಳೆಗಳ ಮೇಲೆ ಕಣ್ಣು ಹೋಗುವುದು ಸಹಜ. ಗಾಲಿಯ ಕಡ್ಡಿಗಳ ಹಿಂದೆ ಅಡಗಿರುವ ಡ್ರಮ್ಮಿನ ಕಡೆಗೂ ಒಮ್ಮೆ ಬಗ್ಗಿ ನೋಡಬಹುದು.

ಡರ್ಬಿಶೈರಿನ ಒಡೆಯನ ವಿಷಯದಲ್ಲಿ ಇನ್ನು ಹೇಳಬೇಕಾದುದು ಸ್ವಲ್ಪವೇ. ಅವನು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಪ್ರತಿ ಸಲವೂ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಿ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಯು-ಬೋಲ್ಟು ಬಿಗಿದಾಗ ನಡುಕ ಸ್ವಲ್ಪ ತಗ್ಗಿತು. ಕಿಂಗ್‌ಪಿನ್ನಿನ ಬುಷ್ ಹೊಸದಾದಾಗ ಮತ್ತಷ್ಟು ತಗ್ಗಿತು. ಲೈನರಿನ ಅಂಚನ್ನು ಉಜ್ಜಿದ ಮೇಲೆ ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮಾತ್ರ, ಅದೂ ಬೆಳಗಿನ ಮೊದಲ ಎರಡು ಮೂರು ಸಲ, ಸಣ್ಣಗೆ ಅದುರುತ್ತದೆ; ಬ್ರೇಕು ಬೆಚ್ಚಗಾದ ಮೇಲೆ ಅದೂ ಇಲ್ಲ. ಡ್ರಮ್ಮನ್ನು ಅವನು ಕಡೆಸಲೇ ಇಲ್ಲ. ಆದರೆ ಬಿಚ್ಚಿದ್ದಾಗ ನಾಲ್ಕು ಡ್ರಮ್ಮುಗಳ ಒಳವ್ಯಾಸವನ್ನೂ ಗೋಡೆಯ ದಪ್ಪವನ್ನೂ ಅಳೆದು, ಎಡ ಬಲ ಮುಂದೆ ಹಿಂದೆ ಎಂದು ಗುರುತು ಮಾಡಿ, ತಾರೀಖು ಹಾಕಿ, ಕಾರಿನ ಕಾಗದಪತ್ರಗಳ ಜೊತೆಗೆ ಇಟ್ಟಿದ್ದಾನೆ. ಕಾರು ಮುಂದೆ ಯಾರ ಕೈಗೆ ಹೋಗುವುದೋ, ಲೇತಿಗೆ ಕೊಡುವ ಮೊದಲು ಅವರು ನೋಡಿಕೊಳ್ಳಲಿ ಎಂದು.